ಎಡಗಾಲಿನ ಶೂ

ಚರ್ಚಿನಲ್ಲಿ ಮುಂದಿನಿಂದ ಏಳನೇ ಬೆಂಚಿನಲ್ಲಿ, ಹೆಂಡತಿಗೂ ಕಂಬಕ್ಕೂ ನಡುವೆ, ಇಸ್ತ್ರಿಯ ಬಿಸಿ ಇನ್ನೂ ಆರದ ಅಂಗಿಯೊಳಗೆ, ಅವನು ಪಂದ್ಯ ಗೆದ್ದವನ ಗತ್ತಿನಲ್ಲಿ ಕೂತಿದ್ದ. ಇನ್ನೆರಡು ಹಾಡು, ಒಂದು ಪ್ರಕಟಣೆ, ಆಮೇಲೆ ಅವನ ಸಾಕ್ಷಿ. ದೇವರು ತನ್ನನ್ನು ಚಿಂತೆಯಿಂದ ಹೇಗೆ ಬಿಡಿಸಿದ ಎನ್ನುವುದನ್ನು ಸಭೆಯ ಮುಂದೆ ನಿಂತು ಐದು ನಿಮಿಷದಲ್ಲಿ ಹೇಳಬೇಕು. ಐದೇ ನಿಮಿಷ ಎಂದು ಸಭೆಯ ಕಾರ್ಯದರ್ಶಿ ಬೆರಳು ಬಿಡಿಸಿ ತೋರಿಸಿದ್ದರು, ಇವನಿಗೆ ಎಣಿಸಲು ಬರುವುದಿಲ್ಲವೇನೋ ಎಂಬಂತೆ. "ಬರ್ಕೊಂಡು ಬನ್ನಿ. ನಿಮ್ಮಂಥವರು ಮೈಕ್ ಹಿಡಿದ್ರೆ ಎಲ್ಲಿಂದ ಎಲ್ಲಿಗೋ ಹೋಗ್ಬಿಡ್ತೀರಿ" ಎಂದಿದ್ದರು. ನಿಮ್ಮಂಥವರು ಅಂದರೆ ಎಂಥವರು? ಎಂಟನೇ ತರಗತಿಯಲ್ಲಿ ಪುಸ್ತಕ ಮುಚ್ಚಿ ಗ್ರೀಸ್ ಡಬ್ಬಿ ತೆರೆದವರು. ಈ ಕಾರ್ಯದರ್ಶಿ ಹಲ್ಲಿನಲ್ಲಿ ಕಡ್ಡಿಯಾಡಿಸುತ್ತ ದಿನಾ ಹತ್ತಿಳಿಯುವ ಲಿಫ್ಟನ್ನು ಬೀಳದ ಹಾಗೆ ನೋಡಿಕೊಳ್ಳುವವರು. ಇಷ್ಟನ್ನೂ ಅಲ್ಲೇ ಮುಖಕ್ಕೆ ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಚಿಂತೆ ಬಿಟ್ಟವನು ಸಿಟ್ಟನ್ನು ಇಟ್ಟುಕೊಂಡರೆ ಸಾಕ್ಷಿಗೆ ಕಳೆ ಬರುವುದಿಲ್ಲವೆಂದು ನುಂಗಿಕೊಂಡ. ಈಗ ಎರಡು ಹಾಳೆಗಳು ಜೇಬಿನಲ್ಲಿ ಅವನ ಉಸಿರಿಗೆ ತಕ್ಕಂತೆ ಸರಬರ ಎನ್ನುತ್ತಿದ್ದವು.

ಕೆಲಸದ ಕಡೆ ಅವನನ್ನು ಹೆಸರು ಹಿಡಿದು ಕರೆದು ಯಾವ ಕಾಲವಾಯಿತೋ. "ಇನ್ನೊಂದ್ಸಲ" ಎನ್ನುತ್ತಿದ್ದರು. "ಬಂದ ನೋಡಪ್ಪ ಇನ್ನೊಂದ್ಸಲ", "ಇನ್ನೊಂದ್ಸಲ ಊಟಕ್ಕೆ ಬಂದ್ನಾ?" ಒಂದು ಲಿಫ್ಟ್ ರಿಪೇರಿ ಮಾಡಿ, ಬಾಗಿಲು ಹಾಕಿ, ನಾಲ್ಕು ರಸ್ತೆ ದಾಟಿ, ಮತ್ತೆ ಸ್ಕೂಟರ್ ತಿರುಗಿಸುತ್ತಿದ್ದ. ಆ ಸ್ಕ್ರೂ ಬಿಗಿ ಮಾಡಿದೆನೋ ಇಲ್ಲವೋ. ಮಾಡಿರುತ್ತಿದ್ದ. ಮತ್ತೆ ನಾಲ್ಕು ರಸ್ತೆ, ಮತ್ತೆ ತಿರುವು. ಊಟದ ತಟ್ಟೆಯ ಮುಂದೆ ಕೂತು ಕಟ್ಟಡಗಳ ವಾಚ್‌ಮನ್‌ಗಳಿಗೆ ಫೋನ್ ಮಾಡುತ್ತಿದ್ದ: "ಸ್ವಲ್ಪ ನೋಡಿ ಹೇಳಿ, ಮೋಟರ್ ರೂಮಿನ ಬಾಗಿಲು ಹಾಕಿದೆಯಾ? ಆಮೇಲೆ ಏನಾದ್ರೂ ಆದ್ರೆ ನನ್ನ ಮೇಲೆ ಬರುತ್ತೆ." ಹಾಕಿರುತ್ತಿತ್ತು. ಹೆಂಡತಿ ಮದುವೆಯಾದ ಹೊಸದರಲ್ಲಿ ಇದನ್ನು ಜವಾಬ್ದಾರಿ ಅಂದುಕೊಂಡಳು, ಆಮೇಲೆ ಕಾಯಿಲೆ ಅಂದುಕೊಂಡಳು, ಕೊನೆಗೆ ಏನೂ ಅಂದುಕೊಳ್ಳುವುದನ್ನೇ ಬಿಟ್ಟು ಸಾರನ್ನು ಮತ್ತೆ ಬಿಸಿ ಮಾಡಲು ಏಳುತ್ತಿದ್ದಳು. ಚಿಂತೆ ಮಾಡಬೇಡಿ ಎಂದು ಹೇಳುವವರಿಗೇನು ಕಮ್ಮಿ? ಎಲ್ಲರೂ ಹೇಳಿದರು. ಬೇರೆಯವರ ಜೀವ ಒಂದು ದಿನವೂ ತಮ್ಮ ಕೈಯಲ್ಲಿ ಜೋತಾಡದವರು, ಕಾಲ ಮೇಲೆ ಕಾಲು ಹಾಕಿಕೊಂಡು, ಬಿಸ್ಕತ್ತು ಅದ್ದಿಕೊಳ್ಳುತ್ತ ಹೇಳಿದರು. ಪಾಸ್ಟರ್ ಮಾತ್ರ ಬಿಸ್ಕತ್ತು ಕೆಳಗಿಟ್ಟು ಪೂರ್ತಿ ಕೇಳಿದ್ದರು. ಕೇಳಿ, "ತಮ್ಮಾ, ಅನುಮಾನ ಬಂದಾಗಲೆಲ್ಲ ವಾಪಸ್ ಓಡಬೇಡ. ದೇವರ ಕೈಯಲ್ಲಿಟ್ಟು ಮುಂದಕ್ಕೆ ನಡಿ. ಮೂರು ವಾರ ಮಾಡಿ ನೋಡು" ಎಂದಿದ್ದರು.

ಮೂರು ವಾರ! ಎಂಥ ಮೂರು ವಾರ ಅವು! ಸ್ಕೂಟರ್ ತಿರುಗಿಸಬೇಕೆನಿಸಿದಾಗಲೆಲ್ಲ "ಕರ್ತನೇ, ನೀನೇ ನೋಡಿಕೋ" ಎಂದು ಆಕ್ಸಿಲರೇಟರ್ ಹಿಂಡಿದ್ದ. ಮೊದಲ ವಾರ ಬೆನ್ನು ಉರಿಯಿತು, ಎರಡನೇ ವಾರ ಬರೀ ತುರಿಕೆ, ಮೂರನೇ ವಾರ ಏನೂ ಇಲ್ಲ. ಸಾರು ಒಂದೇ ಸಲ ಬಿಸಿಯಾಯಿತು. ಹೆಂಡತಿ ಅಡುಗೆಮನೆಯಲ್ಲಿ ಗುನುಗಿದ್ದು ಕೇಳಿಸಿತು. ದಿನಕ್ಕೆ ಹನ್ನೊಂದು ಕಟ್ಟಡ ತಲೆಗೆ ಕಟ್ಟುವ ಸೂಪರ್‌ವೈಸರ್ ಕೂಡ, "ಏನಯ್ಯಾ, ಕೈ ಚುರುಕಾಗಿದೆ" ಎಂದ. ಹನ್ನೊಂದನ್ನು ಹನ್ನೆರಡು ಮಾಡುವ ಪೀಠಿಕೆ ಅದೆಂದು ಗೊತ್ತಿದ್ದೂ ಖುಷಿಯಾಗಿತ್ತು.

ಮೊದಲ ಹಾಡು ಮುಗಿಯಿತು. ಎಲ್ಲರೂ ಕೂತರು. ಅವನು ಕಾಲ ಮೇಲೆ ಕಾಲು ಹಾಕಿಕೊಂಡ. ಬೆಳಿಗ್ಗೆ ತಾನೇ ಪಾಲಿಶ್ ಹಾಕಿದ ಎಡಗಾಲಿನ ಶೂ ಮುಂದಿನ ಬೆಂಚಿನ ಕೆಳಗೆ ಮಿಣ್ಣಗೆ ಹೊಳೆಯಿತು. ಅದನ್ನು ನೋಡುತ್ತ ನೋಡುತ್ತ ಅವನ ಹೊಟ್ಟೆಯೊಳಗೆ ಏನೋ ಒಂದು ಮಹಡಿ ಕೆಳಗೆ ಜಾರಿತು.

ನಿನ್ನೆ ಅವನು ಶೂ ಬಿಚ್ಚಿರಲಿಲ್ಲ.

ಕೆಲಸ ಕಲಿಸಿದ ಹಳೇ ಮೇಸ್ತ್ರಿಯ ಪಾಠ ಅದು. ಲಿಫ್ಟಿನ ಯಾವ ಬಾಗಿಲು ತೆರೆದಿದ್ದರೂ ಲಿಫ್ಟ್ ಕದಲಬಾರದು, ಅದಕ್ಕೆಂದೇ ಪ್ರತಿ ಬಾಗಿಲಿಗೂ ಒಂದು ಕಾಂಟ್ಯಾಕ್ಟ್, ಅಂದರೆ ಪುಟ್ಟ ಸ್ವಿಚ್ಚು, ಇರುತ್ತದೆ. ಆ ಕಾಂಟ್ಯಾಕ್ಟೇ ಕೆಟ್ಟರೆ, ಕೆಟ್ಟಿರುವುದು ಅದೇ ಹೌದೋ ಅಲ್ಲವೋ ನೋಡಲು ಮೋಟರ್ ರೂಮಿನ ಪ್ಯಾನಲ್ಲಿನಲ್ಲಿ ಎರಡು ಪಾಯಿಂಟಿನ ನಡುವೆ ಗೇಣುದ್ದದ ಕೆಂಪು ವೈರನ್ನು ಸಿಕ್ಕಿಸುತ್ತಾರೆ. ವೈರ್ ಸಿಕ್ಕಿಸಿದರೆ ಲಿಫ್ಟಿಗೆ ಆ ಬಾಗಿಲ ಮಟ್ಟಿಗೆ ಕಣ್ಣು ಕಟ್ಟಿದ ಹಾಗೆ. ತೆರೆದಿದ್ದರೂ ಮುಚ್ಚಿದೆ ಅಂದುಕೊಂಡು ಹೊರಟುಬಿಡುತ್ತದೆ, ತೆರೆದ ಬಾಗಿಲ ಹಿಂದೆ ಬರೀ ಬಾವಿಯಂಥ ಆಳ. ಕೆಲಸ ಮುಗಿದ ಮೇಲೆ ವೈರ್ ತೆಗೆಯಲು ಮರೆತವರ ಕಥೆಗಳನ್ನು ಮೇಸ್ತ್ರಿ ಬೀಡಿ ಆರಿಸಿ ಹೇಳುತ್ತಿದ್ದ. "ಅದಕ್ಕೇ ಕಣೋ, ವೈರ್ ಹಾಕೋಕೆ ಮುಂಚೆ ಎಡಗಾಲಿನ ಶೂ ಬಿಚ್ಚಿ ಪ್ಯಾನಲ್ ಕೆಳಗಿಡು. ಒಂದು ಕಾಲು ಬರಿಗಾಲಲ್ಲಿ ಯಾವ ಬಡ್ಡೀಮಗನೂ ಮನೆಗೆ ಹೋಗಲ್ಲ." ಹದಿನಾಲ್ಕು ವರ್ಷ ಶೂ ಬಿಚ್ಚಿದ್ದ. ನಿನ್ನೆ ಐದಂತಸ್ತಿನ ಆ ಹಳೇ ಕಟ್ಟಡದಲ್ಲಿ, ಮೂರನೇ ಮಹಡಿಯ ಬಾಗಿಲಿನ ರಿಪೇರಿಗೆ ಕೆಂಪು ವೈರ್ ಕೈಗೆ ತೆಗೆದುಕೊಂಡು, ಲೇಸಿನ ಗಂಟಿಗೆ ಬಾಗಿದವನು ಹಾಗೇ ನಿಂತ. ಇದೂ ಚಿಂತೆಯೇ ಅಲ್ಲವೇ? ದೇವರ ಮೇಲೆ ಭಾರ ಹಾಕಿದವನು ಶೂವಿನ ಮೇಲೆ ಯಾಕೆ ಹಾಕಬೇಕು? ನಾಳೆ ಸಾಕ್ಷಿ ಹೇಳುವವನು ಇವತ್ತು ಗುಟ್ಟಾಗಿ ಶೂ ಬಿಚ್ಚಿಟ್ಟರೆ ಅದೆಂಥ ನಂಬಿಕೆ? ಗಂಟನ್ನು ಇನ್ನೂ ಬಿಗಿ ಮಾಡಿ, ಸಿಳ್ಳೆ ಹಾಕುತ್ತ ಕೆಲಸ ಮಾಡಿದ್ದ. ಮಾಡಿ, ವೈರ್ ತೆಗೆದನೇ? ಕಾಂಟ್ಯಾಕ್ಟ್ ಉಜ್ಜಿದ್ದು ನೆನಪಿದೆ. ಮೂರನೇ ಮಹಡಿಯ ವಯಸ್ಸಾದ ಟೀಚರಮ್ಮ ಹೊಸಿಲಾಚೆಯೇ ನಿಲ್ಲಿಸಿ ನೀರು ಕೊಟ್ಟು, "ಬೂಟು ಹೊರಗೆ, ನೀರು ಒಳಗೆ" ಎಂದು ಗದರಿದ್ದು ನೆನಪಿದೆ. ಸಿಳ್ಳೆಯ ರಾಗ ಕೂಡ ನೆನಪಿದೆ. ವೈರ್ ತೆಗೆದದ್ದು ನೆನಪಿಲ್ಲ.

ಎರಡನೇ ಹಾಡು ಶುರುವಾಯಿತು. ಸೈತಾನ ಬಲು ಶಿಸ್ತಿನವನು, ಸಾಕ್ಷಿಗೆ ಸರಿಯಾಗಿ ಹತ್ತು ನಿಮಿಷ ಮುಂಚೆ ಬಂದು ಪಕ್ಕದಲ್ಲೇ ಕೂತಿದ್ದಾನೆ ಎಂದುಕೊಂಡ. ಇಲ್ಲಿಯವರೆಗೆ ನೂರು ಸಲ ಓಡಿದ್ದಾನೆ, ನೂರು ಸಲವೂ ಎಲ್ಲ ಸರಿಯಿತ್ತು. ಇದು ನೂರ ಒಂದನೆಯದು ಅಷ್ಟೆ. ಕರ್ತನೇ, ನೀನೇ ನೋಡಿಕೋ. ಮೂರು ವಾರ ಗಾಳಿಯಂತೆ ಹಗುರಾಗಿದ್ದ ಆ ಮಾತು ಇವತ್ತು ಬಾಯಲ್ಲಿ ಕಲ್ಲಿನ ಹಾಗೆ ಕೂತಿತು. ನುಂಗಲೂ ಆಗದು, ಉಗುಳಲೂ ಆಗದು. ಹಾಡುವವರ ನಡುವೆ ಬಾಯಿ ಸುಮ್ಮನೆ ಆಡಿಸುತ್ತ, ತನ್ನ ಹಳೆಯ ಚಿಂತೆಗಳನ್ನೆಲ್ಲ ಒಂದೊಂದಾಗಿ ಕರೆದು ಮುಖ ನೋಡಿದ. ಎಲ್ಲದರಲ್ಲೂ ಒಂದೇ ಚಿತ್ರ: ಸೂಪರ್‌ವೈಸರನ ಕೋಣೆ, ಮೇಜಿನ ಮೇಲೆ ತನ್ನ ಗುರುತಿನ ಚೀಟಿ, ಸುತ್ತ ನಿಂತವರು, "ಯಾರು ಮಾಡಿದ್ದು?" ಎನ್ನುವ ಪ್ರಶ್ನೆ, ನಡುವೆ ತಲೆ ತಗ್ಗಿಸಿದ ತಾನು. ಬಿದ್ದವರು ಯಾರು, ಅವರ ಮುಖ ಹೇಗಿತ್ತು? ಒಂದರಲ್ಲೂ ಇಲ್ಲ. ಹದಿನಾಲ್ಕು ವರ್ಷ ತನ್ನ ಚರ್ಮಕ್ಕಾಗಿ ಹೆದರಿದ್ದನ್ನು ಜನರ ಜೀವದ ಕಾಳಜಿ ಎಂದು ಹೇಳಿಕೊಂಡು ತಿರುಗಿದ್ದೆನಲ್ಲ! ಇವತ್ತಿನ ಚಿತ್ರದಲ್ಲಿ ತಾನೇ ಇರಲಿಲ್ಲ. ಇದ್ದದ್ದು ಟೀಚರಮ್ಮ. ಅವರ ವಾಕರ್, ಅದರ ರಬ್ಬರಿನ ನಾಲ್ಕು ಪಾದ. ಎರಡು ಕೈಯಲ್ಲೂ ವಾಕರ್ ಹಿಡಿದ ಹೆಂಗಸು ಲಿಫ್ಟಿನ ಬಾಗಿಲನ್ನು ಯಾವುದರಿಂದ ಮುಚ್ಚುತ್ತಾಳೆ? ಸೊಂಟದಿಂದ ತಳ್ಳುತ್ತಾರೆ, ಅವನೇ ನೋಡಿದ್ದಾನೆ. ಪೂರ್ತಿ ಮುಚ್ಚುವುದೇ ಇಲ್ಲ. ಭಾನುವಾರ ಹನ್ನೊಂದಕ್ಕೆ ಅಂಗಳದಲ್ಲಿ ನಡೆಯಲು ಇಳಿಯುತ್ತಾರೆ. ಈಗ ಹತ್ತೂ ಮುಕ್ಕಾಲು.

"ನಮ್ಮ ಲಿಫ್ಟ್ ಮೆಕ್ಯಾನಿಕ್ ಸಹೋದರರು ಈಗ ತಮ್ಮ ಸಾಕ್ಷಿ ಹೇಳ್ತಾರೆ" ಎಂದರು ಪಾಸ್ಟರ್, ಪ್ರಕಟಣೆ ಓದಿ ಮುಗಿಸಿ.

ಹೆಂಡತಿ ಮೊಣಕೈಯಿಂದ ತಿವಿದಳು. ಎದ್ದು ಹೋದ. ಮೈಕ್ ಮುಂದೆ ನಿಂತ. ಹಾಳೆ ತೆಗೆದ. ಕಾರ್ಯದರ್ಶಿ ವಾಚು ನೋಡಿಕೊಂಡರು.

"ಮೂರು ವಾರದಿಂದ ನಾನು ಚಿಂತೆ ಮಾಡಿಲ್ಲ" ಎಂದ. ಯಾರೋ ಹಿಂದಿನಿಂದ "ಸ್ತೋತ್ರ" ಎಂದರು. "ಈಗ ಮಾಡ್ತಾ ಇದೀನಿ. ಒಂದು ಲಿಫ್ಟಿನಲ್ಲಿ ವೈರ್ ಬಿಟ್ಟು ಬಂದಿದೀನಿ ಅನ್ಸುತ್ತೆ. ಹೋಗ್ಬೇಕು."

ಯುವಕರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಪಾಸ್ಟರ್ ನಗಲಿಲ್ಲ. ಮೈಕಿಗೆ ಕೈ ಅಡ್ಡ ಹಿಡಿದು, "ಓಡು ತಮ್ಮಾ, ನಿಂತು ನನ್ನ ಮುಖ ಏನ್ ನೋಡ್ತೀಯ?" ಎಂದರು. ಫೋನುಗಳನ್ನೆಲ್ಲ ಬಾಗಿಲ ಬಳಿ ಬುಟ್ಟಿಯಲ್ಲಿ ಹಾಕಿ ಒಳಗೆ ಬರುವುದು ಈ ಸಭೆಯ ಕಟ್ಟಳೆ. ಚರ್ಚಿನ ಇಡೀ ಉದ್ದವನ್ನು ನೂರು ಜೊತೆ ಕಣ್ಣಿನ ನಡುವೆ ನಡೆದು, ಮೂವತ್ತು ಫೋನಿನ ಅಡಿಯಿಂದ ತನ್ನದನ್ನು ಗೆಬರಿ ತೆಗೆದ. ಆ ಕಟ್ಟಡದ ವಾಚ್‌ಮನ್ ನಾಲ್ಕನೇ ರಿಂಗಿಗೆ ಎತ್ತಿಕೊಂಡ.

"ಏನ್ ಇನ್ನೊಂದ್ಸಲ ಸಾರ್, ವಾಸಿಯಾಗಿದೆ ಅಂದಿದ್ರು? ಮತ್ತೆ ಶುರುವಾಯ್ತಾ?"

"ಟೀಚರಮ್ಮ ಎಲ್ಲಿ?"

"ಯಾಕೆ?"

"ಅವರು ಎಲ್ಲಿದಾರೆ ಹೇಳಪ್ಪ! ಲಿಫ್ಟಿನ ಮೇನ್ ಆಫ್ ಮಾಡು. ಈಗ್ಲೇ. ಅವರನ್ನ ಬಾಗಿಲ ಹತ್ರ ಬಿಡ್ಬೇಡ." ಆ ಕಡೆ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ನೂರು ಸಲ ಸುಮ್ಮಸುಮ್ಮನೆ ಮೆಟ್ಟಿಲು ಹತ್ತಿಸಿದವನ ಮಾತನ್ನು ಯಾವ ಪುಣ್ಯಾತ್ಮ ತಾನೇ ನಂಬುತ್ತಾನೆ?

ಸ್ಕೂಟರ್ ಒದೆಯುವಾಗ ಹಿಂದಿನ ಸೀಟು ದೊಪ್ಪನೆ ಕುಸಿಯಿತು. ಹೆಂಡತಿ.

"ನೀನ್ಯಾಕೆ ಬಂದೆ?"

"ಒಳಗೆ ಕೂತು ಅವರ ಮುಖ ನೋಡ್ಲಾ? ನಡೀರಿ." ಮೊದಲ ತಿರುವು ದಾಟಿದ ಮೇಲೆ ಕಿವಿಯ ಹತ್ತಿರ ಬಾಗಿ ಕೇಳಿದಳು, "ರೀ, ಇದು ಹಳೇದಾ, ಹೊಸದಾ?"

"ಯಾವುದು?"

"ಚಿಂತೆ."

"ಗೊತ್ತಿಲ್ಲ ಕಣೇ. ಹೊಸದು ಅನ್ಸುತ್ತೆ."

"ಹಾಗಾದ್ರೆ ಬೇಗ ಓಡಿಸಿ."

ಭಾನುವಾರದ ರಸ್ತೆಗಳು ಆಗಷ್ಟೇ ಮುಖ ತೊಳೆದುಕೊಂಡ ಹಾಗಿದ್ದವು. ಯಾರೋ ಬಾಲ್ಕನಿಯಲ್ಲಿ ಚಾಪೆ ಕೊಡವುತ್ತಿದ್ದರು. ಒಂದು ನಾಯಿ ರಸ್ತೆಯ ನಟ್ಟನಡುವೆ ಯಜಮಾನನಂತೆ ಮಲಗಿತ್ತು, ಅದನ್ನು ಬಳಸಿಕೊಂಡು ಹೋದ. ಓಡಿಸುತ್ತ ಪ್ರಾರ್ಥಿಸಿದ. ಅವನಿಗೆ ಗೊತ್ತಿದ್ದದ್ದು ಒಂದೇ ಪ್ರಾರ್ಥನೆ, ನೂರು ಸಲ ಈ ಸ್ಕೂಟರಿನ ಮೇಲೆಯೇ ಮಾಡಿದ್ದು: ಕರ್ತನೇ, ನನ್ನ ತಪ್ಪಿಲ್ಲದ ಹಾಗೆ ಮಾಡು. ಅದನ್ನೇ ಶುರು ಮಾಡಿದ. ಅರ್ಧದಲ್ಲಿ ಹೇಸಿಗೆಯಾಗಿ ನಿಂತಿತು. ಆಮೇಲೆ ಹೆಲ್ಮೆಟ್ಟಿನೊಳಗೆ ಜೋರಾಗಿಯೇ ಹೇಳಿದ: "ತಪ್ಪು ನನ್ನದೇ ಇರಲಿ. ವೈರ್ ಅಲ್ಲೇ ಇರಲಿ, ನನ್ನ ಕೆಲಸ ಹೋಗಲಿ, ನಾಲ್ಕು ಜನ ಉಗೀಲಿ. ಅವರನ್ನು ಮಾತ್ರ ಕಾಪಾಡು. ನಾನು ಹೋಗಿ ಮುಟ್ಟುವ ತನಕ ನೀನು ಅಲ್ಲಿರು. ನಾನಿಲ್ಲದ ಕಡೆಯೂ ನೀನಿರುತ್ತೀಯಲ್ಲ."

ಹೇಳಿ ಮುಗಿಸಿದಾಗ ಎದುರಿಗೆ ಕೆಂಪು ದೀಪ. ನಿಲ್ಲಿಸಿದ. ಹಿಂದೆಯಾದರೆ ಇಲ್ಲಿ ಹಲ್ಲು ಕಡಿಯುತ್ತ ಸೆಕೆಂಡುಗಳನ್ನು ಶಪಿಸುತ್ತಿದ್ದ. ಈಗ ಕಾಲೂರಿಕೊಂಡು ನಿಂತವನಿಗೆ ಒಂದು ವಿಚಿತ್ರ ಗೊತ್ತಾಯಿತು: ಅವಸರವಿತ್ತು, ಮೈಯೆಲ್ಲ ಅವಸರವಿತ್ತು, ಆದರೆ ಹೊಟ್ಟೆಯಲ್ಲಿ ಜಾರುತ್ತಿದ್ದದ್ದು ಎಲ್ಲೋ ತಳ ಮುಟ್ಟಿ ನಿಂತುಬಿಟ್ಟಿತ್ತು. ಅಡಿಯಲ್ಲಿ ಒಂದು ಕೈ ಇದ್ದ ಹಾಗೆ. ಮೂರು ವಾರ ಸಿಳ್ಳೆ ಹಾಕಿಕೊಂಡು ತಿರುಗಿದಾಗ ಸಿಕ್ಕಿದ್ದು ಇದಲ್ಲ. ಆಗ ಅವನು ಚಿಂತೆಯನ್ನು ಎಸೆಯುವ ಭರದಲ್ಲಿ ಎಚ್ಚರವನ್ನೂ ಸೇರಿಸಿ ಎಸೆದಿದ್ದ. ಮಾಡಬೇಕಾದ ಅರ್ಧ ಕೆಲಸವನ್ನು ದೇವರ ಮೇಲೆ ಹೇರಿ, ಅದಕ್ಕೆ ನಂಬಿಕೆ ಎಂದು ಹೆಸರಿಟ್ಟಿದ್ದ, ಥೇಟ್ ಸೂಪರ್‌ವೈಸರನ ಹಾಗೆ. ಹಸಿರು ಬಂತು.

ಕಟ್ಟಡದ ಬಾಗಿಲಲ್ಲೇ ಟೀಚರಮ್ಮನ ಧ್ವನಿ ಕೇಳಿಸಿತು. ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತಿರಲಿಲ್ಲ, ಗೋಡೆಯೇ ಬೈಯುತ್ತಿರುವ ಹಾಗಿತ್ತು. "ಲೋ ವಾಚ್‌ಮನ್! ನಿನ್ನ ತಲೇಲಿ ಏನಿದೆಯೋ!"

"ಎರಡಕ್ಕೂ ಮೂರಕ್ಕೂ ಮಧ್ಯೆ ಸಿಕ್ಕೊಂಡಿದಾರೆ" ಎಂದ ವಾಚ್‌ಮನ್ ಕೈ ಹೊಸೆಯುತ್ತ. "ನೀವು ಫೋನ್ ಮಾಡಿದಾಗ ಇಳೀತಾ ಇದ್ರು. ಮೇನ್ ಎಳೆದ್ಬಿಟ್ಟೆ. ಹತ್ತು ನಿಮಿಷದಿಂದ ನನ್ನ ವಂಶ ಜಾಲಾಡ್ತಿದಾರೆ."

"ನಂಬಿದೆಯಲ್ಲ, ಮಾರಾಯ!"

"ಅಯ್ಯೋ, ಪ್ರತೀ ಸಲ ನನ್ನ ಮೇಲೆ ಬರುತ್ತೆ, ನನ್ನ ಮೇಲೆ ಬರುತ್ತೆ ಅಂತಿದ್ರಿ. ಇವತ್ತು ಅವರನ್ನ ಕೇಳಿದ್ರಿ. ಅದಕ್ಕೇ ಭಯ ಆಯ್ತು."

ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಮೊಳದಷ್ಟು ತೆರೆದುಕೊಂಡಿತ್ತು, ಅದರಾಚೆ ತಣ್ಣನೆಯ ಕತ್ತಲು, ಗ್ರೀಸಿನ ವಾಸನೆ. ಸೊಂಟದಿಂದ ತಳ್ಳಿದ್ದು ಪೂರ್ತಿ ಮುಚ್ಚಿರಲಿಲ್ಲ, ಆದರೂ ಲಿಫ್ಟ್ ಹೊರಟುಬಿಟ್ಟಿತ್ತು. ಅಂದರೆ ವೈರ್ ಅಲ್ಲೇ ಇದೆ, ಮೇಲೆ ಹೋಗಿ ನೋಡುವುದೇ ಬೇಕಿಲ್ಲ. ಎದುರು ಮನೆಯ ಹೊಸಿಲಲ್ಲಿ ಒಂದು ಪುಟ್ಟ ಮೂರು ಗಾಲಿಯ ಸೈಕಲ್ ನಿಂತಿತ್ತು. ಅವನು ಅದನ್ನು ನೋಡಿದ, ಬಾಗಿಲನ್ನು ನೋಡಿದ. ಅಂಗೈಯಿಂದ ಒತ್ತಿ ಬಾಗಿಲು ಮುಚ್ಚಿ, ಕೊಂಡಿ ಕಚ್ಚಿದ ಸದ್ದು ಕೇಳಿ, "ಇಲ್ಲೇ ನಿಂತ್ಕೋ, ಯಾರನ್ನೂ ಮುಟ್ಟೋಕೆ ಬಿಡ್ಬೇಡ" ಎಂದು ಹಿಂದೆಯೇ ಹತ್ತಿ ಬಂದ ಹೆಂಡತಿಗೆ ಹೇಳಿ ಮೇಲಕ್ಕೆ ಹೋದ.

ಕೆಂಪು ವೈರ್ ತಾನು ಸಿಕ್ಕಿಸಿದ ಜಾಗದಲ್ಲಿ, ಏನೂ ಅರಿಯದ ಕೂಸಿನಂತೆ ತೂಗುತ್ತಿತ್ತು. ತೆಗೆದು ಜೇಬಿಗೆ ಹಾಕಿದ. ವಾಚ್‌ಮನ್‌ನನ್ನು ಬ್ರೇಕಿನ ಹಿಡಿ ಹಿಡಿಯಲು ನಿಲ್ಲಿಸಿ, ಮೋಟರಿನ ಚಕ್ರವನ್ನು ಕೈಯಿಂದ ಗೇಣು ಗೇಣಾಗಿ ತಿರುಗಿಸಿದ. ಲಿಫ್ಟ್ ಎರಡನೇ ಮಹಡಿಗೆ ಇಳಿಯಿತು. ಬಾಗಿಲು ತೆರೆದಾಗ ಟೀಚರಮ್ಮ ವಾಕರನ್ನು ಮುಂದೆ ಚಾಚಿ, ತರಗತಿಗೆ ಬರುವವರ ಹಾಗೆ ಹೊರಬಂದರು.

"ಯಾರ ಕೆಲಸ ಇದು?"

"ಕರೆಂಟ್ ಹೋಗಿತ್ತು ಟೀಚರಮ್ಮ" ಎಂದ ವಾಚ್‌ಮನ್ ಥಟ್ಟನೆ, ಇವನತ್ತ ಕಣ್ಣು ಮಿಟುಕಿಸುತ್ತ.

ಎಷ್ಟು ಸುಲಭದ ಮಾತು. ಇಷ್ಟು ವರ್ಷ ಅವನು ಕಾಯುತ್ತಿದ್ದದ್ದೇ ಇಂಥದೊಂದು ಕಣ್ಮಿಟುಕಿಗೆ.

"ಕರೆಂಟ್ ಹೋಗಿರ್ಲಿಲ್ಲ ಟೀಚರ್" ಎಂದ. "ನನ್ನ ತಪ್ಪು." ವೈರ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿ, ಅದು ಏನು, ಎಲ್ಲಿತ್ತು, ಏನಾಗಬಹುದಿತ್ತು, ಎಲ್ಲವನ್ನೂ ಹೇಳಿದ. ಅವರು ಕೇಳುತ್ತ ಕೇಳುತ್ತ ವಾಕರಿನ ಹಿಡಿಯನ್ನು ಬಿಗಿ ಹಿಡಿದರು.

"ನಾನೂ ಬಾಗಿಲು ಸರಿಯಾಗಿ ಹಾಕಲ್ಲ. ಸೊಂಟದಲ್ಲಿ ತಳ್ತೀನಿ."

"ನೀವು ಹಾಗೆ ತಳ್ಳಿದ್ರೂ ಏನೂ ಆಗ್ಬಾರ್ದು ಅಂತಾನೇ ನಾನಿರೋದು ಟೀಚರ್."

ಅವರ ಮುಂದೆಯೇ ಸೂಪರ್‌ವೈಸರಿಗೆ ಫೋನ್ ಮಾಡಿದ. ಆತನ ಮೊದಲ ಪ್ರಶ್ನೆ: "ಯಾರಿಗಾದ್ರೂ ಗೊತ್ತಾಗಿದೆಯೇನಯ್ಯಾ?"

"ಎಲ್ಲಾರ್ಗೂ ಹೇಳಿದೀನಿ ಸಾರ್. ರಿಜಿಸ್ಟರಿನಲ್ಲೂ ಬರೀತೀನಿ."

"ತಲೆ ಕೆಟ್ಟಿದೆಯಾ ನಿಂಗೆ? ನಾಳೆ ಬೆಳಿಗ್ಗೆ ಟೂಲ್ಸು, ಗುರುತಿನ ಚೀಟಿ ಎಲ್ಲ ತಗೊಂಡು ಬಾ. ನೋಡ್ಕೋತೀನಿ."

"ಬರ್ತೀನಿ ಸಾರ್. ಇನ್ನೊಂದು ಮಾತು. ದಿನಕ್ಕೆ ಹನ್ನೊಂದು ಕಟ್ಟಡ ಮನುಷ್ಯರು ಮಾಡೋ ಕೆಲಸ ಅಲ್ಲ. ಅದನ್ನೂ ನಾಳೆ ನಿಮ್ಮ ಮುಖ ನೋಡಿನೇ ಹೇಳ್ತೀನಿ." ಆ ಕಡೆಯಿಂದ ಬಂದ ಮಾತು ಟೀಚರಮ್ಮನ ಮುಂದೆ ಹೇಳುವಂಥದ್ದಾಗಿರಲಿಲ್ಲ. ಫೋನ್ ಇಟ್ಟು, ಅಲ್ಲೇ ನಿಂತು ಕಾದ. ಇನ್ನೇನು ಬರಬೇಕು: ಆ ಕೋಣೆ, ಆ ಮೇಜು, ತಗ್ಗಿದ ತಲೆ. ದಿನವೂ ತಪ್ಪದೆ ಬರುವ ನೆಂಟನಿಗೆ ಕಾದ ಹಾಗೆ ಕಾದ. ಬರಲಿಲ್ಲ. ನಾಳೆ ಬಾಗಿಲ ಬಳಿ ನಿಂತಿರಬಹುದು, ನಿಂತಿರಲಿ. ನಾಳೆಯೂ ತಾನೊಬ್ಬನೇ ಆ ಕೋಣೆಗೆ ಹೋಗುವುದಿಲ್ಲವಲ್ಲ.

ಮೇನ್ ಹಾಕಿದ. ಮೂರನೇ ಮಹಡಿಯ ಬಾಗಿಲನ್ನು ಬೇಕೆಂದೇ ಅರೆ ತೆರೆದು ಬಟನ್ ಒತ್ತಿಸಿದ. ಲಿಫ್ಟ್ ಜಪ್ಪಯ್ಯ ಎಂದರೂ ಕದಲಲಿಲ್ಲ. ಮುಚ್ಚಿ ಒತ್ತಿಸಿದಾಗ ಹೊರಟಿತು. ಒಂದು ಸಲ. ರಿಜಿಸ್ಟರಿನಲ್ಲಿ ತನ್ನ ದಪ್ಪ ಅಕ್ಷರದಲ್ಲಿ ಆದದ್ದನ್ನೆಲ್ಲ ಬರೆದು ಸಹಿ ಮಾಡಿದ.

"ನಿನಗೆ ಶಿಕ್ಷೆ ಕೊಡ್ಬೇಕಲ್ಲ" ಎಂದರು ಟೀಚರಮ್ಮ ಅಂಗಳಕ್ಕಿಳಿದ ಮೇಲೆ. "ನಿನ್ನ ದೆಸೆಯಿಂದ ನನ್ನ ನಡಿಗೆ ತಡ ಆಯ್ತು. ಮೂರು ಸುತ್ತು ಜೊತೆಗೆ ಬಾ. ಒಬ್ಬಳೇ ನಡೆದ್ರೆ ಬೇಜಾರು. ಮಾತಾಡ್ತಾ ಬರ್ಬೇಕು, ತಿಳೀತಾ?"

"ಏನ್ ಮಾತಾಡ್ಲಿ ಟೀಚರ್?"

"ಇವರಾ? ಇವತ್ತು ಇವರು ಮೈಕ್ ಮುಂದೆ ಮಾತಾಡಿದ್ದನ್ನ ಕೇಳಿ ಟೀಚರ್" ಎಂದಳು ಹೆಂಡತಿ. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದವಳು ನಗು ತಡೆಯಲಾರದೆ ಮುಖ ಮುಚ್ಚಿಕೊಂಡಳು.

ವಾಕರ್ ಟಕ್ ಎಂದಿತು, ನಿಂತಿತು, ಮತ್ತೆ ಟಕ್ ಎಂದಿತು. ಅವರ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆಯುತ್ತ ಅವನು ಕಾರ್ಯದರ್ಶಿಯ ಐದು ಬೆರಳಿನಿಂದ ಶುರು ಮಾಡಿದ. ಎರಡನೇ ಸುತ್ತಿಗೆ ಯುವಕರ ಸಾಲಿನ ಕಿಸಕ್ ಬಂತು. ಟೀಚರಮ್ಮ ನಕ್ಕು, ಕೆಮ್ಮಿ, "ಆಮೇಲೆ?" ಎಂದರು. ಆಗ ಗೋಡೆಯೊಳಗೆ ಲಿಫ್ಟಿನ ಮೋಟರ್ ಗುಂಯ್ ಎಂದಿತು. ಯಾರೋ ಮೇಲೆ ಹೋಗುತ್ತಿದ್ದರು. ಒಂದು, ಎರಡು, ಮೂರು ಮಹಡಿಯ ಸದ್ದು. ನಿಂತಿತು. ಎಲ್ಲೋ ಮೇಲೆ ಒಂದು ಬಾಗಿಲು ತೆರೆದುಕೊಂಡಿತು.

"ಆಮೇಲೆ ಪಾಸ್ಟರ್ ಹೀಗೆ ಮೈಕಿಗೆ ಕೈ ಅಡ್ಡ ಹಿಡಿದ್ರು ನೋಡಿ ಟೀಚರ್" ಎಂದು ಅವನು ಕೈ ಅಡ್ಡ ಹಿಡಿದು ತೋರಿಸುತ್ತ ಮುಂದಿನ ಹೆಜ್ಜೆ ಇಟ್ಟ.